ಜೋಕಾಲಿ ಮತ್ತು ದುಂಡವ್ವನ ಹಸಿವು

ರಕ್ತದಲ್ಲಿ ಸಕ್ಕರೆ ಇಳಿಯತೊಡಗಿದಾಗ ಕನಸಿನಲ್ಲಿ ಎಲ್ಲಕ್ಕಿಂತ ಮೊದಲು ಮಾಸುವುದು ಹಳದಿ ಬಣ್ಣ. ಆಮೇಲೆ ಕೆಂಪು. ಹಸಿರು, ನೀಲಿ ಮಾತ್ರ ಬಹಳ ಹೊತ್ತು ತಾಳಿಕೊಂಡಿರುತ್ತವೆ. ಇಷ್ಟನ್ನು ಕಂಡುಹಿಡಿಯಲು ಕುಮುದಾ ಬೂದಿಹಾಳಳಿಗೆ ಒಂಬತ್ತು ವರ್ಷ ಹಿಡಿದಿತ್ತು. ಒಂಬತ್ತು ವರ್ಷ ಪರರ ಕನಸುಗಳನ್ನು ಇಣುಕಿ ನೋಡಿ ನೋಡಿ ಅವಳಿಗೆ ತನ್ನ ಕನಸುಗಳೇ ಬೀಳುವುದು ನಿಂತುಹೋಗಿತ್ತು ಎಂದು ಸ್ನೇಹಿತೆಯರು ಗೇಲಿ ಮಾಡುತ್ತಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಶಸ್ತ್ರಚಿಕಿತ್ಸೆ ಮಾಡುವುದೆಂದರೆ ಎರಡು ಕಡೆ ಪ್ರಪಾತವಿರುವ ದಾರಿಯಲ್ಲಿ ನಡೆದಂತೆ. ಮೈಗೆ ಕತ್ತಿ ತಾಗಿದ ಕೂಡಲೇ ದೇಹ ಗಾಬರಿಬಿದ್ದು ಕೂಡಿಟ್ಟ ಸಕ್ಕರೆಯನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ಹಾಗೇ ಬಿಟ್ಟರೆ ಗಾಯ ಮಾಯುವುದಿಲ್ಲ, ಕೀವಾಗುತ್ತದೆ. ಇನ್ಸುಲಿನ್ ಕೊಟ್ಟು ಇಳಿಸೋಣವೆಂದರೆ ಒಂದು ಹನಿ ಹೆಚ್ಚಾದರೂ ಸಕ್ಕರೆ ಪಾತಾಳ ಕಂಡು ಮಿದುಳು ಉಪವಾಸ ಬೀಳುತ್ತದೆ. ಎಚ್ಚರವಿದ್ದವರಾದರೆ ಬೆವರುತ್ತಾರೆ, ನಡುಗುತ್ತಾರೆ, ಯಾರಾದರೂ ಒಂದು ಚಮಚ ಸಕ್ಕರೆ ಬಾಯಿಗೆ ಹಾಕುತ್ತಾರೆ. ಅರಿವಳಿಕೆಯಲ್ಲಿ ಮಲಗಿದವರಿಗೆ ಬೆವರೂ ಇಲ್ಲ, ನಡುಕವೂ ಇಲ್ಲ. ಹಸಿವಾಗಿದೆ ಎನ್ನಲು ಬಾಯಿಯೂ ಇಲ್ಲ.

ಬಾಯಿ ಇಲ್ಲದಿದ್ದರೇನಂತೆ, ಕನಸಿದೆಯಲ್ಲ ಎಂದವಳು ಕುಮುದಾ. ಅರಿವಳಿಕೆಯ ನಿದ್ದೆಯಲ್ಲೂ ಮೇಲ್ಮೇಲೆ ಒಂದು ತೆಳು ಪದರವನ್ನು ಎಚ್ಚರವಾಗಿಟ್ಟರೆ ರೋಗಿ ಕನಸು ಕಾಣುತ್ತಾನೆ. ನೋವು ಅಲ್ಲಿಗೆ ತಲುಪುವುದಿಲ್ಲ, ದನಿ ತಲುಪುತ್ತದೆ. ಆ ಕನಸಿಗೆ ಹೋಗಿ ಹಸಿವಾಗಿದೆಯೇ ಎಂದು ಕೇಳಿದರೆ ಏನಾಗಬಹುದು? ಆ ಒಂದು ಪ್ರಶ್ನೆಯಿಂದ ಹುಟ್ಟಿದ ಯಂತ್ರಕ್ಕೆ ಅವಳು ಜೋಕಾಲಿ ಎಂದು ಹೆಸರಿಟ್ಟಳು. ತೋಳಿಗೆ ಅಂಟಿಸಿದ ಒಂದು ಬಿಲ್ಲೆ ಸಕ್ಕರೆಯನ್ನು ಅಳೆಯುತ್ತಿತ್ತು. ಒಂದು ಪಂಪು ಇನ್ಸುಲಿನ್ ಮತ್ತು ಸಕ್ಕರೆ ನೀರನ್ನು ಹನಿಸುತ್ತಿತ್ತು. ತಲೆಗೆ ಕಟ್ಟಿದ ಪಟ್ಟಿ ಕನಸನ್ನು ಹಿಡಿದು ತೆರೆಯ ಮೇಲೆ ಮೂಡಿಸುತ್ತಿತ್ತು, ಕಲಕಿದ ನೀರಿನ ತಳದಲ್ಲಿ ಕಾಣುವಷ್ಟು ಮಸುಕಾಗಿ. ಐದೈದು ನಿಮಿಷಕ್ಕೊಮ್ಮೆ ರೋಗಿಯ ಕಿವಿಯಲ್ಲಿ ಹೆಣ್ಣೂ ಅಲ್ಲದ ಗಂಡೂ ಅಲ್ಲದ ಒಂದು ಮೆತ್ತನೆಯ ದನಿ, "ಊಟ ಆತೇನ್ರಿ?" ಎಂದು ವಿಚಾರಿಸುತ್ತಿತ್ತು. ಹಸಿವು ಎಂಬ ಉತ್ತರ ಬಂದರೆ ಜೋಕಾಲಿ ಇನ್ಸುಲಿನ್ ನಿಲ್ಲಿಸಿ ಸಕ್ಕರೆ ನೀರು ಬಿಡುತ್ತಿತ್ತು. ಬಿಲ್ಲೆಯ ಲೆಕ್ಕ ಅನುಮಾನವೆನಿಸಿದಾಗ ಕನಸಿನ ಮಾತೇ ಅದಕ್ಕೆ ಪ್ರಮಾಣ.

ಮುನ್ನೂರ ನಲವತ್ತು ರೋಗಿಗಳು ಜೋಕಾಲಿಯಲ್ಲಿ ತೂಗಿಸಿಕೊಂಡು ಎದ್ದು ಮನೆಗೆ ಹೋಗಿದ್ದರು. ಒಬ್ಬರ ಉತ್ತರವೂ ತಪ್ಪಿರಲಿಲ್ಲ. "ಕನಸಿನಲ್ಲಿ ಮನುಷ್ಯ ಸುಳ್ಳು ಹೇಳುವುದಿಲ್ಲ" ಎಂದು ಕುಮುದಾ ತನ್ನ ಪ್ರಬಂಧದಲ್ಲಿ ಬರೆದಳು. ಬಾಗಲಕೋಟೆಯ ಆ ಆಸ್ಪತ್ರೆಯವರಿಗೆ ವಾಕ್ಯ ಎಷ್ಟು ಹಿಡಿಸಿತೆಂದರೆ ಅದನ್ನು ದೊಡ್ಡದಾಗಿ ಬರೆಸಿ ಗೋಡೆಗೆ ಹಾಕಿದರು. ಕುಮುದಾ ದಿನವೂ ಅದರ ಕೆಳಗೆ ಹಾದುಹೋಗುವಾಗ ತಲೆಯೆತ್ತದ ಹಾಗೆ ನಟಿಸಿ ಓರೆಗಣ್ಣಿನಲ್ಲಿ ಓದಿಕೊಳ್ಳುತ್ತಿದ್ದಳು.

ಮುನ್ನೂರ ನಲವತ್ತೊಂದನೆಯ ರೋಗಿ ದುಂಡವ್ವ.

ನವನಗರದ ಬಸ್ ನಿಲ್ದಾಣದ ಹಿಂದೆ ಅವಳ ಖಾನಾವಳಿ. ಅರವತ್ತೆರಡು ವರ್ಷ, ಅದರಲ್ಲಿ ಇಪ್ಪತ್ತೆರಡು ವರ್ಷದ ಸಕ್ಕರೆ ಕಾಯಿಲೆ, ಹೃದಯದ ಮೂರು ರಕ್ತನಾಳಗಳು ಕಟ್ಟಿಕೊಂಡಿದ್ದವು. ಶಸ್ತ್ರಚಿಕಿತ್ಸೆಗೆ ಮೂರು ವಾರ ಮೊದಲೇ ಜೋಕಾಲಿ ರೋಗಿಯ ಮೈಯ ಗುಣ ಕಲಿಯಬೇಕು. ಯಾವಾಗ ಉಣ್ಣುತ್ತಾರೆ, ಉಂಡ ಎಷ್ಟು ಹೊತ್ತಿಗೆ ಸಕ್ಕರೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದೆಲ್ಲ ಅದಕ್ಕೆ ಗೊತ್ತಾಗಬೇಕು. ಕುಮುದಾ ತೋಳಿಗೆ ಬಿಲ್ಲೆ ಅಂಟಿಸಿ, ಮುಂಗೈಗೆ ಮಾತಾಡುವ ಪಟ್ಟಿ ಕಟ್ಟಲು ಖಾನಾವಳಿಗೇ ಹೋದಳು. ದುಂಡವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದಳು.

"ಏನ ಕೇಳ್ತೈತಿ ತಂಗಿ ಇದು?"

"ಊಟ ಆತೇನು ಅಂತ ಕೇಳ್ತೈತ್ರಿ ಅಕ್ಕಾರ. ಉಂಡಿದ್ರ ಉಂಡೀನಿ ಅನ್ರಿ. ಇಲ್ಲಾಂದ್ರ ಇಲ್ಲ ಅನ್ರಿ. ಅಷ್ಟ."

"ಮಷೀನರ ಕೇಳ್ತೈತಲ್ಲ ಬಿಡು. ನಮ್ಮನಿಯಾವ್ರು ಇರೂತನಾ ಒಂದ ದಿನ ಕೇಳಲಿಲ್ಲ," ಎಂದು ದುಂಡವ್ವ ನಕ್ಕಳು. ಬೇಸರದ ನಗೆಯಲ್ಲ ಅದು. ಸತ್ತ ಗಂಡನ ಮೇಲೆ ಹೆಂಡತಿಯರು ಹೊರಿಸುವ ಸಾಮಾನ್ಯ ದೂರು, ಅಷ್ಟೇ.

ಆ ಮೂರು ವಾರ ಕುಮುದಾ ಬಿಡುವಾದಾಗೆಲ್ಲ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋದಳು. ಕೆಲಸದ ನೆವ ಅರ್ಧ, ಎಣಗಾಯಿ ಪಲ್ಯದ ಆಸೆ ಅರ್ಧ. ಒಂದೂವರೆ ಹೊತ್ತಿಗೆ ಖಾನಾವಳಿ ತುಂಬಿ ತುಳುಕುತ್ತಿತ್ತು. ಒಳಗೆ ದುಂಡವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಅಂಗೈಯ ಬಡಿತಕ್ಕೆ ಒಂದು ಲಯವಿತ್ತು. ಹೊರಗೆ ಕೂತವರು ಮಾತಾಡುತ್ತಿದ್ದರೂ ಅದು ಕೇಳುತ್ತಿತ್ತು, ಆ ಲಯಕ್ಕೇ ಎಲ್ಲರೂ ತುತ್ತು ಎತ್ತುತ್ತಿದ್ದರೋ ಎಂದು ಕುಮುದಾಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಹಂಚಿನಿಂದ ಇಳಿದ ರೊಟ್ಟಿ ಉಬ್ಬಿದ್ದು ಉಬ್ಬಿದ ಹಾಗೆಯೇ ತಾಟಿಗೆ ಬಂದು ಬೀಳುತ್ತಿತ್ತು. ಅಷ್ಟರಲ್ಲಿ ಮುಂಗೈ ಪಟ್ಟಿ ಕೇಳುತ್ತಿತ್ತು: "ಊಟ ಆತೇನ್ರಿ?"

"ಉಂಡೀನೋಪಾ, ಉಂಡೀನಿ. ನಿಂದಾತಿಲ್ಲೊ?" ಎನ್ನುತ್ತಿದ್ದಳು ದುಂಡವ್ವ. ಮಷೀನಿಗೆ ಆ ಮರುಪ್ರಶ್ನೆ ತಿಳಿಯುತ್ತಿರಲಿಲ್ಲ. ಮೊದಲ ಶಬ್ದವನ್ನಷ್ಟೇ ಅದು ಬರೆದುಕೊಳ್ಳುತ್ತಿತ್ತು.

ಕುಮುದಾ ಕೂಡ ಒಂದೆರಡು ಸಲ ಕೇಳಿದ್ದುಂಟು. "ಅಕ್ಕಾರ, ನೀವೂ ಉಣ್ಣಬಾರದಽ?"

"ನಂದು ಯಾವಾಗೋ ಆತು ತಂಗಿ. ನೀ ಉಣ್ಣು, ಆರ್ತೈತಿ."

ಒಂದು ದಿನ ಕುಮುದಾ ತನ್ನ ಕನ್ನಡಕ ಅಲ್ಲೇ ಮರೆತುಬಂದು, ನಾಲ್ಕು ಗಂಟೆಯ ಸುಮಾರಿಗೆ ಮರಳಿ ಹೋದಳು. ಬಾಗಿಲು ಅರ್ಧ ಎಳೆದಿತ್ತು. ಒಳಗೆ ದುಂಡವ್ವ ಒಲೆಯ ಕಟ್ಟೆಗೆ ಆತು ನಿಂತು, ಬುಟ್ಟಿಯ ತಳದಲ್ಲಿ ಉಳಿದು ಒಣಗಿದ ಕಟಕು ರೊಟ್ಟಿಯನ್ನು ಪಾತ್ರೆಯ ತಳದ ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟುಕೊಳ್ಳುತ್ತಿದ್ದಳು. ಕುಮುದಾಳನ್ನು ಕಂಡು ಕೈ ಹಿಂದಕ್ಕೆ ಸರಿಸಿದಳು.

"ಏನಿಲ್ಲವಾ, ಸುಮ್ನ ಬಾಯಾಡ್ಸಾಕತ್ತಿದ್ನಿ."

ಸಂಜೆ ಹೊತ್ತಿಗೆ ಏನಾದರೂ ಬಾಯಾಡಿಸುವುದು ಯಾರು ಮಾಡದ ಕೆಲಸ? ಕುಮುದಾ ಕನ್ನಡಕ ಹಾಕಿಕೊಂಡು ಹೊರಬಂದಳು. ಹಾಕಿಕೊಂಡಮೇಲೂ ಅವಳಿಗೆ ಕಾಣಲಿಲ್ಲ ಎನ್ನಬೇಕು.

ಮೂರು ವಾರದ ಕೊನೆಗೆ ಜೋಕಾಲಿ ತನ್ನ ವರದಿ ಕೊಟ್ಟಿತು. ದುಂಡವ್ವ ಉಂಡೀನಿ ಎನ್ನುವ ಹೊತ್ತಿಗೆ ಸಕ್ಕರೆ ಬಹಳ ಕೆಳಗಿರುತ್ತದೆ, ಎರಡೂವರೆ ತಾಸಿನ ಮೇಲೆ ಸರ್ರನೆ ಏರುತ್ತದೆ, ದಿನವೂ ಹೀಗೆಯೇ. ಆದ್ದರಿಂದ ಈಕೆಯ ಜಠರ ನಿಧಾನ. ಈಕೆ ಉಂಡಿದ್ದೇನೆ ಎಂದಾಗ ಸಕ್ಕರೆ ಕಡಿಮೆ ಕಂಡರೂ ಹೆದರಬೇಕಾಗಿಲ್ಲ, ಏರಿಕೆ ಹಿಂದೆಯೇ ಬರುತ್ತಿರುತ್ತದೆ, ಇನ್ಸುಲಿನ್ ಸಿದ್ಧವಾಗಿರಲಿ. ವರದಿ ಓದಿದ ಅರಿವಳಿಕೆ ತಜ್ಞೆ ಡಾಕ್ಟರ್ ಸಲ್ಮಾ ಮಕಾನದಾರ ತಲೆದೂಗಿದರು.

"ಇಪ್ಪತ್ತೆರಡ ವರ್ಷದ ಸಕ್ಕರಿ ಅಂದಮ್ಯಾಲ ಹೊಟ್ಟಿ ನರ ಸೊರಗಿರ್ತಾವ. ಉಂಡದ್ದು ಅಲ್ಲೇ ಕುಂತಿರ್ತೈತಿ. ಇಂಥಾವ್ರಿಗೆ ಉಪವಾಸ ಇನ್ನಷ್ಟು ಉದ್ದ ಇಡಬೇಕು, ಇಲ್ಲಾಂದ್ರ ವಾಂತಿ ಪುಪ್ಪುಸಕ್ಕ ಹೊಕ್ಕೈತಿ. ಹಿಂದಿನ ದಿನ ಮಧ್ಯಾಹ್ನದಿಂದ ಗಟ್ಟಿ ಪದಾರ್ಥ ಬ್ಯಾಡ. ಛಲೋ ಹುಡುಕೇತಿ ನಿಮ್ಮ ಜೋಕಾಲಿ."

ಯಾವ ಡಾಕ್ಟರಿಗೂ ಸಿಗದ ಕಾಯಿಲೆ ತನ್ನ ಯಂತ್ರಕ್ಕೆ ಸಿಕ್ಕಿತೆಂದು ಕುಮುದಾ ಆ ದಿನ ಉಬ್ಬಿಹೋಗಿದ್ದಳು. ಇದನ್ನು ಆಮೇಲೆ ನೆನೆದಾಗೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಆಸ್ಪತ್ರೆಯ ಹಾಸಿಗೆಯ ಮೇಲೆ ದುಂಡವ್ವ ಸುಮ್ಮನೆ ಕೂತಿದ್ದಳು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ಕುಮುದಾ ತಲೆಪಟ್ಟಿಯ ಅಳತೆ ತೆಗೆಯುತ್ತಿದ್ದಾಗ ದುಂಡವ್ವ ಕೇಳಿದಳು, "ಕನಸ ಬೀಳ್ತೈತಿ ಅಂದಿ. ಎಂಥಾದ್ದು ಬೀಳ್ತೈತಿ?"

"ಅದನ್ನ ನಾವು ಹೇಳಾಕ ಬರೂದಿಲ್ರಿ. ನಿಮಗ ಏನ ಬೀಳ್ತೈತೋ ಅದು."

"ನನಗ ಹಳೇ ಬಾಗಲಕ್ವಾಟಿನಽ ಬೀಳೂದು. ನಾ ಮದಿವ್ಯಾಗಿ ಬಂದ ಮನಿ. ಅದು ಡ್ಯಾಮಿನ ಹಿನ್ನೀರಾಗ ಮುಳಗಿ ಎಷ್ಟ ವರ್ಷ ಆತು. ಬ್ಯಾಸಿಗ್ಯಾಗ ನೀರ ಇಳದಾಗ ಹೋಗಿ ನೋಡಿದ್ರ ಗ್ವಾಡಿ ತುದಿ ಕಾಣ್ತೈತಿ, ಅಷ್ಟ. ಖಾನಾವಳಿ ಸುರು ಮಾಡಿದ್ದು ಅಲ್ಲೇ, ನಮ್ಮ ಅತ್ತಿ." ಸ್ವಲ್ಪ ತಡೆದು, "ನಾಳೆ ಖರೇನ ಏಳ್ತೀನೇನ ತಂಗಿ?" ಎಂದಳು.

"ಏಳ್ತೀರಿ," ಎಂದಳು ಕುಮುದಾ. "ನಾ ಅಲ್ಲೇ ಕುಂತಿರ್ತೀನಿ. ಕಣ್ಣು ಕೀಳಾಂಗಿಲ್ಲ." ಆ ಮಾತು ಕೊಟ್ಟಾಗ ಅವಳಿಗೆ ಅದೊಂದು ಭಾರವೆಂದು ಅನಿಸಿರಲಿಲ್ಲ.

ಬೆಳಗಿನ ಎಂಟು ಗಂಟೆಗೆ ಶುರುವಾಯಿತು. ಶಸ್ತ್ರಚಿಕಿತ್ಸೆಯ ಕೋಣೆಗೆ ಹೊಂದಿಕೊಂಡ ಗಾಜಿನ ಕೋಣೆ ಕುಮುದಾಳದು. ಆಚೆ ಹಸಿರು ಬಟ್ಟೆಗಳ ನಡುವೆ ದುಂಡವ್ವನ ಎದೆಯಷ್ಟೇ ತೆರೆದಿತ್ತು. ಸರ್ಜನ್ ಮಿಡಿಯುತ್ತಿರುವ ಹೃದಯದ ಮೇಲೆಯೇ ಹೊಸ ನಾಳಗಳನ್ನು ಹೊಲಿಯುವವರಿದ್ದರು. ಈಚೆ ಕುಮುದಾಳ ಎದುರಿನ ತೆರೆಯಲ್ಲಿ ಕನಸು ನಿಧಾನವಾಗಿ ತಿಳಿಯಾಗತೊಡಗಿತು.

ನೀರು. ಹಸಿರು ಬೆರೆತ ನೀಲಿ ನೀರು, ಮೇಲಿಂದ ಬಿಸಿಲು ಸೋಸಿ ಬರುತ್ತಿತ್ತು. ಆ ನೀರಿನ ತಳದಲ್ಲಿ ಒಂದು ಓಣಿ, ಓಣಿಯ ಎರಡೂ ಬದಿಗೆ ಮಣ್ಣಿನ ಮಾಳಿಗೆಯ ಮನೆಗಳು, ಒಂದು ಕಟ್ಟೆ, ಒಂದು ಬೇವಿನ ಮರ. ಮರದ ಎಲೆಗಳು ಗಾಳಿಗೆ ಅಲುಗುವಂತೆ ನೀರಿಗೆ ಅಲುಗುತ್ತಿದ್ದವು. ಮುಳುಗಿಹೋದ ಊರು ತನ್ನ ಪಾಡಿಗೆ ತಾನು ಬದುಕಿಕೊಂಡಿತ್ತು. ತೆರೆದ ಬಾಗಿಲೊಂದರ ಒಳಗೆ ಒಲೆ ಉರಿಯುತ್ತಿತ್ತು, ನೀರಿನಲ್ಲಿ ಬೆಂಕಿ ಹೇಗೆ ಎಂದು ಕನಸಿನಲ್ಲಿ ಯಾರೂ ಕೇಳುವುದಿಲ್ಲ. ಒಲೆಯ ಮುಂದೆ ಇಪ್ಪತ್ತರ ಹರೆಯದ ದುಂಡವ್ವ ರೊಟ್ಟಿ ಬಡಿಯುತ್ತಿದ್ದಳು.

ಜನ ನೀರಿನೊಳಗೆ ನಡೆದು ಬರುತ್ತಿದ್ದರು. ಊರು ಮುಳುಗಿದ ಮೇಲೆ ನವನಗರದ ಬೇರೆ ಬೇರೆ ಸೆಕ್ಟರಿಗೆ ಚದುರಿಹೋದವರು, ಸತ್ತವರು, ಎಲ್ಲರೂ. ಪಂಕ್ತಿಯಲ್ಲಿ ಕೂತು ತಾಟು ಮುಂದಿಟ್ಟುಕೊಂಡರು. ಅವರ ತಲೆಯ ರುಮಾಲುಗಳ ಮೇಲೆ ಸಣ್ಣ ಮೀನುಗಳು ಸುಳಿದಾಡುತ್ತಿದ್ದವು. ಬಾಗಿಲ ಬಳಿ ಒಬ್ಬ ತೆಳ್ಳನೆಯ ಮುದುಕಿ ಗೋಡೆಗೊರಗಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅತ್ತೆ ಇವಳೇ ಇರಬೇಕು ಎಂದುಕೊಂಡಳು ಕುಮುದಾ. ಇಷ್ಟು ಚೆಂದದ ಕನಸನ್ನು ಅವಳು ಈ ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ.

"ಊಟ ಆತೇನ್ರಿ?" ಕೇಳಿತು ಜೋಕಾಲಿ.

ಕನಸಿನ ದುಂಡವ್ವ ತಲೆ ಎತ್ತಲಿಲ್ಲ. ತೆರೆಯ ಕೆಳಗೆ ಅಕ್ಷರ ಮೂಡಿತು: ಉಂಡೀನಿ.

ಒಂಬತ್ತು ಗಂಟೆಗೆ ಸಲ್ಮಾ ಮೇಡಂ ಧಮನಿಯಿಂದ ರಕ್ತ ತೆಗೆದು ಪರೀಕ್ಷಿಸಿದರು. ನೂರ ನಲವತ್ತೆರಡು. ಹೇಳಿ ಮಾಡಿಸಿದ ಹಾಗಿತ್ತು. ಮುಂದಿನ ಪರೀಕ್ಷೆ ಹತ್ತಕ್ಕೆ. ಅಲ್ಲಿಯವರೆಗೆ ಬಿಲ್ಲೆ ಮತ್ತು ಕನಸು. ಕೋಣೆ ತಣ್ಣಗಿತ್ತು, ದುಂಡವ್ವನ ತೋಳು ಬಟ್ಟೆಯ ಅಡಿಯಲ್ಲಿ ತಣ್ಣಗಾಗಿತ್ತು, ತಣ್ಣಗಾದ ತೋಳಿನ ಬಿಲ್ಲೆ ಇಪ್ಪತ್ತು ನಿಮಿಷ ಹಿಂದಿನ ಸುದ್ದಿ ಹೇಳುತ್ತದೆ. ನೂರ ಮೂವತ್ತೊಂಬತ್ತು ಎಂದಿತು. ಆಮೇಲೆ ನೂರ ಇಪ್ಪತ್ತೆಂಟು. ಜೋಕಾಲಿಗೆ ಅದೇನೂ ಚಿಂತೆಯಾಗಲಿಲ್ಲ. ಈ ಹೆಂಗಸು ಉಂಡೀನಿ ಎಂದರೆ ಏರಿಕೆ ಬಂದೇ ಬರುತ್ತದೆಂದು ಅದು ಮೂರು ವಾರ ಕಲಿತಿತ್ತು. ನಿಧಾನ ಜಠರದಲ್ಲಿ ನಿನ್ನೆಯ ಊಟ ಇನ್ನೂ ಕರಗುತ್ತಿದೆ ಎಂದೇ ಅದರ ಲೆಕ್ಕ. ಬರಲಿರುವ ಏರಿಕೆಗೆಂದು ಇನ್ಸುಲಿನ್ ಹೆಚ್ಚಿಸಿ, ಸಕ್ಕರೆ ನೀರನ್ನು ತಗ್ಗಿಸಿತು.

ಕುಮುದಾ ಕನಸಿನಲ್ಲಿ ಹಳದಿ ಹುಡುಕಿದಳು. ಪ್ರತಿ ಸಲ ಅವಳು ಮಾಡುವ ಮೊದಲ ಕೆಲಸ ಅದು. ಆದರೆ ಇಲ್ಲಿ ಎಲ್ಲವೂ ಮೊದಲಿನಿಂದಲೇ ನೀರಿನ ಹಸಿರಿನಲ್ಲಿ ಅದ್ದಿತ್ತು. ಪಲ್ಯ ಹಸಿರು, ಒಲೆಯ ಉರಿಯೂ ಹಸಿರು. ಬಣ್ಣ ಮಾಸಿದೆಯೋ, ಊರೇ ಮುಳುಗಿದ್ದರಿಂದ ಹೀಗೋ, ಹೇಳಲು ಬರುವಂತಿರಲಿಲ್ಲ.

ಒಂಬತ್ತೂ ಇಪ್ಪತ್ತು. ಪಂಕ್ತಿ ಬೆಳೆಯುತ್ತಲೇ ಇತ್ತು. ಮನೆಯಿಂದ ಓಣಿಗೆ, ಓಣಿಯಿಂದ ಮುಳುಗಿದ ಪೇಟೆಯ ತುದಿಯವರೆಗೂ ಜನ ಕೂತಿದ್ದರು. ಒಬ್ಬರೂ ಉಂಡು ಏಳುತ್ತಿರಲಿಲ್ಲ. "ಊಟ ಆತೇನ್ರಿ?" ಉಂಡೀನಿ. ಕನಸಿನ ಸದ್ದನ್ನು ಜೋಕಾಲಿ ತೆರೆಯ ಅಂಚಿನಲ್ಲಿ ಒಂದು ಗೆರೆಯಾಗಿ ಬರೆಯುತ್ತಿತ್ತು. ರೊಟ್ಟಿ ಬಡಿತದ ಗೆರೆ ಇಷ್ಟು ಹೊತ್ತು ಒಂದೇ ಸಮನಾಗಿ ಎದ್ದು ಬೀಳುತ್ತಿದ್ದದ್ದು ಈಗ ಎಡವಿತು. ಮತ್ತೆ ಸರಿಯಾಯಿತು, ಮತ್ತೆ ಎಡವಿತು. ಕುಮುದಾ ಮುಂದಕ್ಕೆ ಬಾಗಿದಳು. ಆ ಬಡಿತವನ್ನು ಅವಳು ಮೂರು ವಾರ ತುತ್ತು ತುತ್ತಿಗೂ ಕೇಳಿದ್ದಳು. ಖಾನಾವಳಿಯಲ್ಲಿ ಎಷ್ಟೇ ಗದ್ದಲವಿದ್ದರೂ ಅದು ತಪ್ಪಿದ್ದಿಲ್ಲ.

ಆ ಹೆಂಗಸು ಯಾವಾಗ ಉಣ್ಣುತ್ತಾಳೆ ಎಂದು ಅವಳು ಆಗ ಮೊದಲ ಬಾರಿಗೆ ಕೇಳಿಕೊಂಡಳು. ಒಂದೂವರೆಗೆ ಮೂವತ್ತು ಜನ ಪಂಕ್ತಿಯಲ್ಲಿರುವಾಗ, ಕೈ ಹಿಟ್ಟಿನಲ್ಲಿರುವಾಗ, ಯಾವಾಗ ಉಂಡಳು? ಒಲೆಯ ಕಟ್ಟೆಗೆ ಆತು ನಿಂತು ಪಾತ್ರೆಯ ತಳ ಬಳಿದು ತಿನ್ನುತ್ತಿದ್ದದ್ದು ಬಾಯಾಡಿಸುವುದಾಗಿರಲಿಲ್ಲ, ಅದೇ ಅವಳ ಮಧ್ಯಾಹ್ನದ ಊಟ. ಜಠರ ನಿಧಾನವಲ್ಲ, ಊಟವೇ ತಡ. ಊಟ ಆಯ್ತೇ ಎಂದು ಯಾರೇ ಕೇಳಿದರೂ ಆಯ್ತು ಎನ್ನುವುದು ಬಡಿಸುವವರ ಮರ್ಯಾದೆ. ಬಡಿಸುವವಳು ಹಸಿದಿದ್ದಾಳೆಂದು ಗೊತ್ತಾದರೆ ಉಣ್ಣುವವರಿಗೆ ಇನ್ನೊಂದು ರೊಟ್ಟಿ ಕೇಳಲು ಸಂಕೋಚ. ಕುಮುದಾಳ ತಾಯಿ ಹೀಗೇ ಮಾಡುತ್ತಿದ್ದಳು. ಕುಮುದಾ ತಾನೇ ನಿನ್ನೆ ಫೋನಿನಲ್ಲಿ ತಾಯಿಗೆ ಇದೇ ಉತ್ತರ ಕೊಟ್ಟಿದ್ದಳು, ಖಾಲಿ ಹೊಟ್ಟೆಯಲ್ಲಿ. ಜೋಕಾಲಿ ಮೂರು ವಾರ ಕಲಿತದ್ದು ಒಂದು ಸೌಜನ್ಯವನ್ನು. ಅದರ ಆಧಾರದ ಮೇಲೆ ನಿನ್ನೆ ಮಧ್ಯಾಹ್ನದಿಂದ ಬರಿ ಹೊಟ್ಟೆಯಲ್ಲಿದ್ದ ಹೆಂಗಸಿಗೆ ಅದು ಇನ್ಸುಲಿನ್ ಏರಿಸುತ್ತಿತ್ತು.

ಕುಮುದಾ ಒಳಕೋಣೆಯ ಸ್ಪೀಕರಿನ ಗುಂಡಿ ಒತ್ತಿದಳು. "ಮೇಡಂ, ಈಗ ಒಂದು ಸ್ಯಾಂಪಲ್ ತೆಗೀರಿ."

"ಹತ್ತಕ್ಕ ತೆಗೀತೀನಿ ಕುಮುದಾ." ಸಲ್ಮಾ ಅವರ ಕಣ್ಣು ರಕ್ತದೊತ್ತಡದ ಗೆರೆಯ ಮೇಲಿತ್ತು, ಎರಡೂ ಕೈ ಔಷಧಿಯ ಸಿರಿಂಜುಗಳ ಮೇಲಿದ್ದವು. "ಸರ್ ಹೃದಯ ಎತ್ತಿ ಹಿಡದು ಹಿಂದಿನ ನಾಳ ಹೊಲ್ಯಾಕತ್ತಾರ. ಬಿ.ಪಿ. ಜಾರಾಕತ್ತೈತಿ. ಈಗ ಕೈ ಬಿಡಾಕ ಆಗೂದಿಲ್ಲ. ಜೋಕಾಲಿ ಏನಂತೈತಿ?"

"ಹೊಟ್ಟಿ ತುಂಬೇತಿ ಅಂತೈತ್ರಿ."

"ಮತ್ತೇನು?"

"ಆಕಿ ಸುಳ್ಳ ಹೇಳಾಕತ್ತಾಳ್ರಿ ಮೇಡಂ."

"ಕನಸಿನ್ಯಾಗ ಯಾರೂ ಸುಳ್ಳ ಹೇಳೂದಿಲ್ಲ ಅಂತ ಬರದಾವ್ರು ನೀವಽ ಅಲ್ಲೇನು?" ವ್ಯಂಗ್ಯವೇನೂ ಇರಲಿಲ್ಲ ಆ ಮಾತಿನಲ್ಲಿ. ಕೆಲಸದ ನಡುವೆ ಇದ್ದ ಒಬ್ಬ ವೈದ್ಯೆ, ಯಾವುದನ್ನು ನಂಬಲಿ ಎಂದು ಕೇಳುತ್ತಿದ್ದರು.

ಯಾವುದನ್ನು ನಂಬಲಿ ಎಂದರೆ ಕುಮುದಾ ಏನು ತೋರಿಸಬೇಕು? ಎಡವಿದ ಒಂದು ಗೆರೆಯನ್ನೇ? ಕನಸಿನೊಳಗೆ ಮನುಷ್ಯರ ದನಿ ಹೋಗಕೂಡದು ಎಂಬುದು ಅವಳೇ ಮಾಡಿದ ನಿಯಮ. ಹೋದರೆ ಆ ರೋಗಿಯ ದಾಖಲೆ ಕೆಟ್ಟಿತೆಂದೇ ಅರ್ಥ, ಪ್ರಯೋಗವನ್ನು ಮತ್ತೆ ಒಂದರಿಂದ ಶುರು ಮಾಡಬೇಕು. ರೋಗಿಯ ಕಿವಿಗೆ ದನಿ ಒಯ್ಯುವ ಮೈಕನ್ನು ಅವಳು ತನ್ನ ಕಡೆಗೆ ತಿರುಗಿಸಿಕೊಂಡಳು. ಉಂಡಿರಾ ಎಂದು ಮತ್ತೆ ಕೇಳಿ ಪ್ರಯೋಜನವಿರಲಿಲ್ಲ. ಸಾವಿರ ಸಲ ಕೇಳಿದರೂ ಉಂಡೀನಿ ಎಂದೇ ಬರುತ್ತದೆ. ಬಡಿಸುವವಳ ಬಾಯಿಂದ ನಿಜ ಹೊರಡಿಸಲು ಆ ಸೀಮೆಯಲ್ಲಿ ಒಂದೇ ಒಂದು ಉಪಾಯವಿದೆ. ಅದನ್ನು ಉಣ್ಣಲು ಕೂತವರೇ ಮಾಡಬೇಕು.

"ಅಕ್ಕಾರ," ಎಂದಳು ಕುಮುದಾ ಮೈಕಿನಲ್ಲಿ. "ನಾ ಉಣ್ಣೂದಿಲ್ರಿ."

ತೆರೆಯಲ್ಲಿ ರೊಟ್ಟಿಯ ಬಡಿತ ನಿಂತಿತು. ಕನಸಿನ ದುಂಡವ್ವ ಮುಖವೆತ್ತಿ ನೀರಿನಲ್ಲಿ ಆಚೀಚೆ ನೋಡಿದಳು. ಅಕ್ಷರಗಳು ಒಂದೊಂದಾಗಿ ಬಂದವು: ಯಾಕವಾ, ಪಲ್ಯಾ ಸೇರಲಿಲ್ಲೇನು?

"ನೀವು ನನ್ನ ಬಾಜೂ ಕುಂತ್ರ ಉಣ್ತೀನಿ. ಇಲ್ಲಾಂದ್ರ ತಾಟ ಬಿಟ್ಟ ಎದ್ದ ಹೊಕ್ಕೀನಿ."

ಹಂಗ ತಾಟ ಬಿಟ್ಟ ಏಳಬಾರದವಾ. ನಂದು ಆಗೇತಿ.

"ಆಗಿದ್ರ ಒಂದು ತುತ್ತು ಕಡಿಮಿ ಉಣ್ರಿ. ಕುಂತು ಉಣ್ರಿ. ನಾ ಏಳಾಕತ್ತೀನಿ ನೋಡ್ರಿ."

ಕುಮುದಾ ಖುರ್ಚಿಯಿಂದ ನಿಜವಾಗಿಯೂ ಎದ್ದು ನಿಂತಿದ್ದಳು. ಅದು ಅವಳಿಗೇ ಗೊತ್ತಿರಲಿಲ್ಲ. ತೆರೆಯಲ್ಲಿ ಉದ್ದಾನುದ್ದ ಕೂತ ಜನರೆಲ್ಲ ತಲೆ ತಿರುಗಿಸಿ ಒಲೆಯ ಕಡೆ ನೋಡಿದರು. ದುಂಡವ್ವ ಹಿಟ್ಟಿನ ಮುದ್ದೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ಅದು ಕೈಯಿಂದ ಜಾರಿ ನೀರಿನಲ್ಲಿ ನಿಧಾನವಾಗಿ ಕೆಳಗಿಳಿಯಿತು.

ಕೈ ನಡಗಾಕತ್ತಾವ ತಂಗಿ. ಹಿಟ್ಟ ಹಿಡಿಯಾಕ ಆಗವಲ್ದು. ಇವರೆಲ್ಲಾ ಎದ್ದಮ್ಯಾಲ ಉಣ್ಣಬೇಕಂದ್ನಿ, ಇವರು ಏಳವಲ್ರು. ಹಸಿವ್ಯಾಗೇತಿ. ಬಾಳ ಹಸಿವ್ಯಾಗೇತಿ.

ಆ ಸಾಲುಗಳನ್ನು ಕುಮುದಾ ಸ್ಪೀಕರಿನಲ್ಲಿ ಒಂದಕ್ಷರ ಬಿಡದೆ ಓದಿದಳು. ಸಲ್ಮಾ ಮುಂದೆ ಕೇಳಲಿಲ್ಲ. "ಸರ್, ಅರ್ಧ ನಿಮಿಷ, ಹೃದಯ ಇಳಿಸ್ರಿ," ಎಂದರು, ಸರ್ಜನ್ ಕೈ ಸಡಿಲಿಸಿದರು, ರಕ್ತ ಹೊರಬಂದು ಯಂತ್ರಕ್ಕೆ ಹೋಯಿತು. ಕುಮುದಾ ಅಷ್ಟರಲ್ಲಿ ಜೋಕಾಲಿಯ ಪಂಪನ್ನು ಕೈಯಾರೆ ನಿಲ್ಲಿಸಿದ್ದಳು. ಅಂಕಿ ಬರಲು ಒಂದು ನಿಮಿಷ ಬೇಕು. ಆ ನಿಮಿಷದಲ್ಲಿ ತೆರೆಯ ಮೇಲಿನ ನೀಲಿಯೂ ಮಾಸತೊಡಗಿತ್ತು.

"ನಲವತ್ತೊಂದು," ಎಂದರು ಸಲ್ಮಾ. ತೋಳಿನ ಬಿಲ್ಲೆ ಇನ್ನೂ ನೂರ ಹದಿನೆಂಟು ಎನ್ನುತ್ತಿತ್ತು. ಅವರು ದೊಡ್ಡ ಸಿರಿಂಜು ತುಂಬ ಸಕ್ಕರೆ ದ್ರಾವಣ ಎಳೆದು ಕತ್ತಿನ ನಾಳಕ್ಕೆ ಕೊಡತೊಡಗಿದರು.

ಮೊದಲು ಏನೂ ಆಗಲಿಲ್ಲ. ತೆರೆ ಬೂದು ಬಣ್ಣಕ್ಕೆ ತಿರುಗಿ, ಓಣಿ, ಮರ, ಜನ ಎಲ್ಲ ಒಂದರೊಳಗೊಂದು ಕರಗಿಹೋಗುವಂತಿದ್ದವು. ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಸಣ್ಣಗೆ ಹಳದಿ ಕಂಡಿತು. ಬಾಗಿಲ ಬಳಿಯ ಮುದುಕಿಯ ಕೆನ್ನೆಯ ಅರಿಶಿಣ ಅದು. ಮುದುಕಿ ಮೊಣಕಾಲಿಗೆ ಕೈಯೂರಿ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಒಲೆಯ ಮುಂದಿನ ಜಾಗಕ್ಕೆ ಬಂದು ಸೊಸೆಯನ್ನು ಭುಜ ಹಿಡಿದು ಈಚೆ ಸರಿಸಿದಳು. ಪಂಕ್ತಿಯಲ್ಲಿದ್ದವರು ಒಬ್ಬೊಬ್ಬರಾಗಿ ಏಳತೊಡಗಿದರು. ಒಬ್ಬ ತಾಟು ತಂದಿಟ್ಟ. ಒಬ್ಬಳು ನೀರಿನ ತಂಬಿಗೆ ತಂದಿಟ್ಟಳು. ಊರಿನ ಮೇಲಿದ್ದ ನೀರು ಹಿಂದಕ್ಕೆ ಸರಿಯುತ್ತಿತ್ತು, ಮಾಳಿಗೆಗಳ ಮೇಲೆ ಬಿಸಿಲು ಬೀಳುತ್ತಿತ್ತು, ಬೇವಿನ ಮರದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಣಗುತ್ತಿರುವ ನೆಲದ ಮೇಲೆ ಊರಿಗೆ ಊರೇ ಸುತ್ತ ನಿಂತಿತ್ತು. ನಡುವೆ ದುಂಡವ್ವ ಒಬ್ಬಳೇ ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮುದುಕಿ ಬಗ್ಗಿ ಏನೋ ಬಡಿಸಿದಳು. ಅದೇನೆಂದು ಕುಮುದಾಳಿಗೆ ಕಾಣಲಿಲ್ಲ, ಏಕೆಂದರೆ ಅವಳ ಕಣ್ಣು ತುಂಬಿಕೊಂಡಿತ್ತು.

"ನೂರ ಹನ್ನೆರಡು," ಎಂದರು ಸಲ್ಮಾ ಹತ್ತು ನಿಮಿಷ ಬಿಟ್ಟು. ಮುಂದಿನ ಮೂರು ತಾಸು ಅವರು ಕಾಲು ಕಾಲು ಗಂಟೆಗೊಮ್ಮೆ ರಕ್ತ ತೆಗೆದು, ಕೈಯಾರೆ ಹನಿ ಎಣಿಸಿ ಇನ್ಸುಲಿನ್ ಕೊಟ್ಟರು, ಹಿಂದಿನ ಕಾಲದವರ ಹಾಗೆ. ನಾಳಗಳ ಹೊಲಿಗೆ ಮುಗಿದು ಎದೆ ಮುಚ್ಚಿದಾಗ ಹನ್ನೆರಡೂವರೆ. ಹೊರಗೆ ಬಂದು ಮುಖದ ಬಟ್ಟೆ ಬಿಚ್ಚಿದ ಸಲ್ಮಾ ಅವರ ಬಳಿಗೆ ಕುಮುದಾ ಬಂದಳು. ಅವರೇ ಹೇಳಿದರು.

"ಎಷ್ಟೊತ್ತು ಕೆಳಗಿತ್ತೋ ಗೊತ್ತಿಲ್ಲ. ಮಿದುಳಿಗೆ ಏನರ ಆಗೇತೋ ಇಲ್ಲೋ, ಆಕಿ ಎದ್ದಮ್ಯಾಲನಽ ತಿಳಿಯೂದು. ಹೃದಯ ಛಲೋ ಐತಿ."

ಎದ್ದರೆ, ಎಂಬ ಮಾತನ್ನು ಅವರು ಆಡಲಿಲ್ಲ.

ಕುಮುದಾ ಮಧ್ಯಾಹ್ನವಿಡೀ ತೀವ್ರ ನಿಗಾ ಘಟಕದಲ್ಲಿ ದುಂಡವ್ವನ ಹಾಸಿಗೆಯ ಪಕ್ಕ ಕೂತಳು. ಮೊಣಕಾಲ ಮೇಲೆ ದಾಖಲೆಯ ಹಾಳೆ ಇಟ್ಟುಕೊಂಡು ಬರೆದಳು: ರೋಗಿಯ ಕನಸಿನಲ್ಲಿ ಪ್ರಯೋಗ ನಡೆಸುವವಳು ಮಾತನಾಡಿದ್ದಾಳೆ. ಯಂತ್ರ ತಪ್ಪು ಕಲಿತಿತ್ತು. ತಪ್ಪು ಕಲಿಸಿದವಳು ನಾನು, ಎದುರಿಗೆ ಕೂತು ಉಂಡು ಬಂದೆ, ಬಡಿಸಿದವಳ ಊಟ ಯಾವಾಗ ಎಂದು ನಿಂತು ನೋಡಲಿಲ್ಲ. ಗೋಡೆಯ ಮೇಲಿನ ವಾಕ್ಯವನ್ನು ಇಳಿಸಬೇಕು. ಬರೆಯುತ್ತ ಅವಳಿಗೆ ನಾಚಿಕೆಯಾಯಿತು, ಆದರೆ ಒಂದು ಶಬ್ದವನ್ನೂ ಹೊಡೆದುಹಾಕಲಿಲ್ಲ. ನಡುನಡುವೆ ಮಂಚದ ಕಡೆ ನೋಡುತ್ತಿದ್ದಳು. ಹಿಟ್ಟು ಕಾಣದ ಅಂಗೈಗಳು ಬಿಳಿ ಹೊದಿಕೆಯ ಮೇಲೆ ಅಂಗಾತ ಬಿದ್ದಿದ್ದವು.

ಐದು ಗಂಟೆಗೆ ಉಸಿರಿನ ನಳಿಕೆ ತೆಗೆದರು. ಐದೂವರೆಗೆ ದುಂಡವ್ವ ಕಣ್ಣು ಬಿಟ್ಟಳು. ಬಿಟ್ಟವಳು ಛಾವಣಿ ನೋಡಿದಳು, ಕುಮುದಾಳನ್ನು ನೋಡಿದಳು, ನೋಡುತ್ತಲೇ ಇದ್ದಳು. ಆ ನೋಟದಲ್ಲಿ ಗುರುತೆಂಬುದೇ ಇರಲಿಲ್ಲ. ಸಲ್ಮಾ ಬಂದು ಬಾಗಿ, "ನಿಮ್ಮ ಹೆಸರೇನ್ರಿ ಅಕ್ಕಾರ?" ಎಂದರು. "ಎಲ್ಲಿದ್ದೀರಿ ಗೊತ್ತೈತೇನ್ರಿ?" ದುಂಡವ್ವನ ಕಣ್ಣು ಕುಮುದಾಳ ಮೇಲಿಂದ ಕದಲಲಿಲ್ಲ. ಕುಮುದಾ ತನ್ನ ಎರಡೂ ಕೈಗಳಲ್ಲಿ ಆ ಅಂಗೈಯನ್ನು ಹಿಡಿದುಕೊಂಡಳು. ಅದನ್ನು ಬಿಟ್ಟು ಬೇರೆ ಏನು ಮಾಡಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಬಹಳ ಹೊತ್ತಾದ ಮೇಲೆ ದುಂಡವ್ವನ ತುಟಿ ಅಲುಗಿತು. ಗಂಟಲು ಒರಟಾಗಿತ್ತು, ಕುಮುದಾ ಕಿವಿಯನ್ನು ಹತ್ತಿರ ಒಯ್ಯಬೇಕಾಯಿತು.

"ನಮ್ಮ ಅತ್ತಿ ಬಂದಿದ್ಲು, ತಂಗಿ."

ಸಲ್ಮಾ ಮೆಲ್ಲಗೆ ಉಸಿರು ಬಿಟ್ಟು ಗೋಡೆಗೆ ಒರಗಿದರು.

"ಹೌದೇನ್ರಿ?" ಎಂದಳು ಕುಮುದಾ. "ಬಂದು ಏನಂದ್ರು?"

"ಏನೂ ಅನ್ಲಿಲ್ಲ. ಕುಂದರ್ಸಿ ಬಡಿಸಿದ್ಲು." ದುಂಡವ್ವ ಕಣ್ಣು ಮುಚ್ಚಿಕೊಂಡಳು, ನಿದ್ದೆಗಲ್ಲ, ಇನ್ನೂ ಅಲ್ಲಿಯೇ ಇದ್ದವಳ ಹಾಗೆ. "ಹಂಚಿನಮ್ಯಾಲಿಂದ ತಗದು ಸೀದಾ ತಾಟಿಗಿ ಹಾಕಿದ್ಲು. ಬೆಣ್ಣಿ ಹಚ್ಚಿದ್ರ ಕರಗಿ ಹರ್ಯಾಕತ್ತಿತ್ತು. ಬೆರಳು ಸುಟ್ಟವು." ಅವಳು ಕುಮುದಾಳ ಕೈಯೊಳಗೆ ತನ್ನ ಬೆರಳುಗಳನ್ನು ಒಂದಿಷ್ಟು ಮಡಿಚಿದಳು. "ನಲವತ್ತ ವರ್ಷ ಆಗಿತ್ತು ನೋಡವಾ, ನಾ ಬಿಸಿ ರೊಟ್ಟಿ ಉಂಡು."